ಇಪ್ಪತ್ತೆರಡು ವ್ಯಾನುಗಳ ಮಧ್ಯಾಹ್ನ

ಔಷಧಿ ಸಾಗಿಸುವ ಆ ಕಂಪನಿಯಲ್ಲಿ ಮೂವತ್ತು ಎಲೆಕ್ಟ್ರಿಕ್ ವ್ಯಾನುಗಳಿದ್ದವು. ಯಾವುದನ್ನು ಯಾವಾಗ ಚಾರ್ಜಿಗೆ ಹಾಕಬೇಕೆಂದು ನಿರ್ಧರಿಸುತ್ತಿದ್ದವಳನ್ನು ಡ್ರೈವರುಗಳು ‘ಸರದಿ ಅಕ್ಕ’ ಎನ್ನುತ್ತಿದ್ದರು. ಒಮ್ಮೆಗೆ ಹನ್ನೆರಡೇ ಗಾಡಿ. ಕಟ್ಟಡದ ಕೇಬಲ್ ತಾಳುತ್ತಿದ್ದುದು ಅಷ್ಟನ್ನೇ.

“ಅಕ್ಕಾ, ನಂದೊಂದು ಹಾಕಿಬಿಡಿ. ದೇವರಾಣೆ ಯಾರಿಗೂ ಹೇಳಲ್ಲ.”

“ನೀನು ಹೇಳ್ದಿದ್ರೂ ತಂತಿಗೆ ಗೊತ್ತಾಗುತ್ತಪ್ಪ.”

ನಗುತ್ತಲೇ ಹೇಳುತ್ತಿದ್ದಳು, ಆದರೆ ಒಳಗೆ ಪುಕ್ಕಲು. ಹನ್ನೊಂದು ವರ್ಷದ ಹಿಂದೆ ಬೇರೊಂದು ಕಾರ್ಖಾನೆಯಲ್ಲಿ, ಕೆಲಸ ಕಲಿಸಿದ ಮೇಸ್ತ್ರಿ ಕಾದ ಕರೆಂಟ್ ಪ್ಯಾನೆಲ್ಲಿನ ಬಾಗಿಲು ತೆಗೆದದ್ದೇ ತಡ, ಹಾರಿದ ಬೆಂಕಿ ಅವನ ಎರಡೂ ಕೈ ಸುಟ್ಟಿದ್ದನ್ನು ಕಣ್ಣಾರೆ ಕಂಡಿದ್ದಳು. ಮನೆಯಲ್ಲಿ ಇಸ್ತ್ರಿಪೆಟ್ಟಿಯ ಪ್ಲಗ್ ಹಾಕಲೂ ಗಂಡನೇ ಬೇಕಿತ್ತು.

ಒಂದು ಬುಧವಾರ ಮಧ್ಯಾಹ್ನ ಮ್ಯಾನೇಜರ್ ಓಡುತ್ತ ಬಂದ. “ಆಸ್ಪತ್ರೆಗಳಿಂದ ಅರ್ಜೆಂಟ್ ಆರ್ಡರ್. ಐದಕ್ಕೆ ಎಲ್ಲಾ ಗಾಡಿ ಹೊರಡ್ಬೇಕು.”

“ಸಾರ್, ಕೇಬಲ್ ತಾಳಲ್ಲ...”

“ನೀವು ಹಗ್ಗ ಕಂಡ್ರೂ ಹಾವು ಅಂತೀರಿ!” ಎಂದವನೇ ಕಂಪ್ಯೂಟರಿನಲ್ಲಿದ್ದ ಹನ್ನೆರಡರ ಮಿತಿ ತೆಗೆದು ಇಪ್ಪತ್ತೆರಡು ವ್ಯಾನುಗಳನ್ನು ಚಾರ್ಜಿಗೆ ಹಾಕಿಸಿದ.

ಅರ್ಧ ಗಂಟೆಯೊಳಗೆ ಕೊಳೆತ ಮೀನಿನಂಥ ವಾಸನೆ ಬಂತು. ಆ ಕಾರ್ಖಾನೆಯ ದಿನದಿಂದ ಅವಳಿಗೆ ಗೊತ್ತಿದ್ದ, ಕಾದ ಕೇಬಲ್ಲಿನ ವಾಸನೆ ಅದು. ಪ್ಯಾನೆಲ್ ಕೋಣೆಯೊಳಗಿಂದ ಜೇನುಗೂಡಿನಂಥ ಗುಂಯ್‌ಗಾಟ. ಬಾಗಿಲಿನತ್ತ ಅಂಗೈ ಚಾಚಿದಳು. ಮುಟ್ಟುವ ಮೊದಲೇ ಝಳ ಹೊಡೆಯಿತು. ಒಂದೊಂದೇ ಗಾಡಿ ಬಿಡಿಸಲು ಹೊತ್ತಿಲ್ಲ. ಹೊರಗಿನ ಮೇನ್ ಸ್ವಿಚ್ ಎಳೆದರೆ ಲಸಿಕೆಗಳ ಕೋಲ್ಡ್ ರೂಮೂ ನಿಲ್ಲುತ್ತದೆ. ತಾನು ತಪ್ಪಿದ್ದರೆ? ತಪ್ಪಿರದಿದ್ದರೆ, ಗೋಡೆಯಾಚೆ ಪೆಟ್ಟಿಗೆ ಕಟ್ಟುತ್ತಿರುವ ಒಂಬತ್ತು ಜನ?

ಹೇಗೆ ಓಡಿದಳೋ ಅವಳಿಗೇ ತಿಳಿಯದು. ಕಣ್ಣು ಮುಚ್ಚಿ, ಎರಡೂ ಕೈಯಿಂದ ಸ್ವಿಚ್ ಎಳೆದಳು.

“ತಲೆ ಕೆಟ್ಟಿದೆಯೇನ್ರಿ? ಲಸಿಕೆ ಹಾಳಾಗುತ್ತೆ!” ಮ್ಯಾನೇಜರ್ ಕೋಲ್ಡ್ ರೂಮಿನತ್ತ ನುಗ್ಗಿದ. ಅವಳು ಅಡ್ಡ ನಿಂತಳು.

“ಬಾಗಿಲು ತೆಗೀಬೇಡಿ ಸಾರ್. ಮುಚ್ಚೇ ಇದ್ರೆ ಎರಡು ಗಂಟೆ ತಂಪು ಹಿಡಿಯುತ್ತೆ. ತೆಗೆಯೋದೇ ಆದ್ರೆ ನನ್ನನ್ನ ಕೆಲಸದಿಂದ ತೆಗೀರಿ, ಆಮೇಲೆ.”

ಒಂದು ಗಂಟೆ ಆ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಪ್ರತಿ ನಿಮಿಷವೂ ತಾನೇ ತಪ್ಪು ಎನಿಸುತ್ತಿತ್ತು. ಕರೆಂಟಿನ ಇಂಜಿನಿಯರ್ ಬಂದು, ಪ್ಯಾನೆಲ್ ಆರಿದ ಮೇಲೆ ತೆರೆದ. ಕೇಬಲ್ಲಿನ ಹೊದಿಕೆ ಮೇಣದಂತೆ ಕರಗಿ ಇಳಿದಿತ್ತು. ಬೆತ್ತಲೆ ತಂತಿಗಳ ನಡುವೆ ಬೆರಳಗಲ ಜಾಗ.

“ಯಾರ‍್ರೀ ಆಫ್ ಮಾಡಿದ್ದು? ಇನ್ನೈದು ನಿಮಿಷ ಬಿಟ್ಟಿದ್ರೆ ಹೊತ್ಕೊಂಡು ಉರೀತಿತ್ತು,” ಎಂದ. ಮ್ಯಾನೇಜರ್ ಮೆಟ್ಟಿಲ ಮೇಲೆ ಕುಸಿದು ಕೂತ.

ಇಂಜಿನಿಯರ್ ಬೇರೆ ಲೈನಿನಿಂದ ಕೋಲ್ಡ್ ರೂಮಿಗೆ ಕರೆಂಟ್ ಕೊಟ್ಟ. ಲಸಿಕೆ ಉಳಿಯಿತು. ಬೆಳಿಗ್ಗೆಯೇ ಚಾರ್ಜಾಗಿದ್ದ ಎಂಟು ವ್ಯಾನುಗಳನ್ನು ಅವಳೇ ಆರಿಸಿ ಆಸ್ಪತ್ರೆಗಳಿಗೆ ಕಳಿಸಿದಳು. ಅದೆಲ್ಲ ಮುಗಿದ ಮೇಲೆ ಗಂಡನಿಗೆ ಫೋನ್ ಮಾಡಿ, ಬಂದು ಕರೆದುಕೊಂಡು ಹೋಗಿ ಎಂದಳು.

“ಇನ್ನು ಎಷ್ಟು ಗಾಡಿ ಅನ್ನೋದು ನಿಮ್ಮ ಮಾತು. ನಾನು ಕೈ ಹಾಕಲ್ಲ,” ಎಂದ ಮ್ಯಾನೇಜರ್, ಅವಳ ಮುಖ ನೋಡದೆ.

ಕರೆದೊಯ್ಯಲು ಬಂದ ಗಂಡ ಕೇಳಿದ: “ಹೆದರಿದ್ಯಾ?”

“ಈಗ್ಲೂ ಹೆದರಿಕೇನೇ ರೀ.”

ಮರುದಿನ ಎಂಟಕ್ಕೆ ಕೆಲಸಕ್ಕೆ ಹೋದಳು. ಪ್ಯಾನೆಲ್ ಕೋಣೆಯ ಮುಂದೆ ಹಾಯದೆ, ಅಂಗಳದ ಆಚೆ ಬದಿಯಿಂದ ಸುತ್ತಿಕೊಂಡು ನಡೆದಳು.