ಎದೆಗೆ ಕಿವಿಯಿಟ್ಟ ಗೂಡಿನ ವ್ಯಾಪಾರಿ

ಒಳಗೆ ಕೂತು ಕಾಯುವ ಮಾದೇವನಿಗೆ ಮೊದಲು ಶರಣು.

ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡ ಮೇಲೆ ಮೊದಲ ಸಲ ರೇಷ್ಮೆಗೂಡು ಮಾರಲು ಕೊಳ್ಳೇಗಾಲಕ್ಕೆ ಬಂದಿದ್ದೆ. ಮಾರುಕಟ್ಟೆಯ ಗದ್ದಲಕ್ಕೆ ಎದೆ ಡವಡವ ಹೊಡೆದುಕೊಂಡಿತು. ಮಿಷನ್ ಕೆಟ್ಟಿತು, ಇನ್ನು ನಾನು ಉಳಿಯುವುದಿಲ್ಲ ಎಂದು ಬೆವೆತು ಕುಸಿದು ಕೂತೆ.

ಪಕ್ಕದಲ್ಲೇ ವ್ಯಾಪಾರಿಯೊಬ್ಬರು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳ ಬದುಕಿದೆಯೋ ಸತ್ತಿದೆಯೋ ಎಂದು ಸದ್ದು ಕೇಳಿ ನೋಡುತ್ತಿದ್ದರು. ನನ್ನನ್ನು ನೋಡಿ, "ಏನಾಯ್ತು ಸ್ವಾಮಿ?" ಅಂದರು. ಹೇಳಿದೆ. ಅವರು ಗೂಡು ಕೆಳಗಿಟ್ಟು, ಅಷ್ಟು ಜನರೆದುರು ನನ್ನ ಎದೆಗೇ ಕಿವಿಯಿಟ್ಟರು!

"ಉಳ ಚೆನ್ನಾಗೈತೆ ಕಣ್ರಿ! ಮೆತ್ತಗೆ ಉಸ್ರು ಬುಡಿ, ನಾನಿಲ್ಲೇ ಇವ್ನಿ."

ನಗು ತಡೆಯಲಾಗಲಿಲ್ಲ. ನಗುತ್ತ, ಉಸಿರು ಬಿಡುತ್ತ ಎದೆ ಹದಕ್ಕೆ ಬಂತು. ಅವರನ್ನು ಕಳಿಸಿದವನು ಮಾದೇವನೇ.

ಆಮೇಲೆ ನನ್ನ ಗೂಡೊಂದನ್ನು ಅಲ್ಲಾಡಿಸಿದವರು, "ಇದ್ರೊಳಗಿಂದು ಮಾತ್ರ ಸತ್ತೋಗೈತೆ ಸ್ವಾಮಿ" ಎಂದು ಕೊಳ್ಳದೆ ಮುಂದಕ್ಕೆ ನಡೆದರು!

ಕೇಳಿದ ನಿಮ್ಮೆಲ್ಲರನ್ನೂ ಮಾದೇವ ತಣ್ಣಗಿಟ್ಟಿರಲಿ.