ಜನರಲ್ ಸಾಹೇಬರ ಖಾಲಿ ಎರಡು ವರ್ಷ

ನಾವು ಬಂದು ನೆಲೆಸಿರುವ ಪರದೇಶದ ಊರು ಲೀಕ್ಸ್‌ಲಿಪ್‌ನಲ್ಲಿ ನಮ್ಮ ಪಕ್ಕದ ಮನೆಯ ಮುದುಕರು ಫ್ರಾನ್ಸಿನ ಫಿರಂಗಿ ದಳದಲ್ಲಿ ಜನರಲ್ ಆಗಿ ನಿವೃತ್ತರಾದವರು ಎಂದು ಬೀದಿಯವರೆಲ್ಲ ಹೇಳುತ್ತಿದ್ದರು. ಹೆಂಡತಿ ಈ ಊರಿನವರಂತೆ, ಆಕೆ ತೀರಿಕೊಂಡ ಮೇಲೂ ಇಲ್ಲೇ ಉಳಿದಿದ್ದರಂತೆ. ನಾನು ನಂಬಿರಲಿಲ್ಲ. ಕಾರಣ, ಕಸದ ಬಿನ್. ಪ್ರತಿ ಮಂಗಳವಾರ ಬೆಳಿಗ್ಗೆ ಅದನ್ನು ತಾವೇ ಎಳೆದು ತಂದು ಗೇಟಿನಾಚೆ ನಿಲ್ಲಿಸುತ್ತಿದ್ದರು. ನಾನು ಬೆಳೆದದ್ದು ಕಂಟೋನ್ಮೆಂಟಿನ ಕ್ವಾರ್ಟರ್ಸಿನಲ್ಲಿ. ಅಪ್ಪ ನಮ್ಮ ಸೈನ್ಯದ ಫಿರಂಗಿ ದಳದಲ್ಲಿ ಹವಾಲ್ದಾರರಾಗಿದ್ದವರು. ಅಲ್ಲಿ ಜನರಲ್ ಹಾಗಿರಲಿ, ಮೇಜರ್ ಸಾಹೇಬರ ಬೂಟಿಗೂ ಆರ್ಡರ್ಲಿಯೇ ಪಾಲಿಶ್ ಹಾಕಬೇಕಿತ್ತು. ಬಿನ್ ಎಳೆಯುವ ಜನರಲ್ ಎಲ್ಲಾದರೂ ಉಂಟೇ?

ಇಲ್ಲಿನ ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ ನನ್ನ ಕೆಲಸವೇ ದೋಷ ಹುಡುಕುವುದು. ಮೊಸರಲ್ಲಿ ಕಲ್ಲು ಹುಡುಕುವವಳು ಎಂದು ಮನೆಯಲ್ಲಿ ಗೇಲಿ ಮಾಡುತ್ತಾರೆ, ಅದಕ್ಕೇ ಸಂಬಳ ಕೊಡುವುದು ಎಂದು ನಾನೂ ಬಿಡುವುದಿಲ್ಲ.

ಆ ವರ್ಷ ಅಪ್ಪ ಮೂರು ತಿಂಗಳಿಗೆಂದು ಮೈಸೂರಿನಿಂದ ಬಂದಿದ್ದರು. ಅಮ್ಮ ಹೋದ ಮೇಲೆ ಅವರ ಮಾತು ನಿಂತೇಹೋಗಿತ್ತು. ಕೇಳಿದ್ದಕ್ಕೆ ಹೂಂ, ಉಹೂಂ, ಅಷ್ಟೇ. ಒಂದು ದಿನ ಪಕ್ಕದವರು ಬೇಲಿಯ ಆಚೆಯಿಂದ ಮಾತಾಡಿಸಿದರು. ಇಬ್ಬರೂ ಫಿರಂಗಿಯವರೆಂದು ಗೊತ್ತಾದದ್ದೇ ತಡ, ಮರುದಿನದಿಂದ ಊಟವಾದ ಮೇಲೆ ಕಾಲುವೆಯ ದಂಡೆಯಲ್ಲಿ ಜೋಡಿ ನಡಿಗೆ ಶುರುವಾಯಿತು. ಅಪ್ಪನದು ಸೈನ್ಯದಲ್ಲಿ ಕಲಿತ ಮುರುಕು ಇಂಗ್ಲಿಷ್, ಅವರದು ಮೂಗಿನಲ್ಲಾಡುವ ಇಂಗ್ಲಿಷ್. ಹೇಗೋ ನಡೆಯುತ್ತಿತ್ತು. ರಾತ್ರಿ ಊಟಕ್ಕೆ ಅಪ್ಪ ಇನ್ನೊಂದು ಚಪಾತಿ ಕೇಳತೊಡಗಿದರು.

ನಾನು ಖುಷಿಪಡಬೇಕಿತ್ತು. ಪಡಲಿಲ್ಲ. ನಿಜವಾದ ಜನರಲ್‌ಗೆ ಹವಾಲ್ದಾರನ ಜೊತೆ ದಿನಾ ಏನು ಮಾತು? ಪಕ್ಕದವರು ಯಾವಾಗಲೂ ಅಪ್ಪನ ಬಲಗಡೆಯೇ ನಡೆಯುತ್ತಿದ್ದರು. ನಾನು ಎದುರಾದರೆ ಇಬ್ಬರೂ ಮಾತು ನಿಲ್ಲಿಸುತ್ತಿದ್ದರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಮನಸ್ಸು ಕುಟುಕುತ್ತಲೇ ಇತ್ತು.

ಅಷ್ಟರಲ್ಲಿ ನನ್ನ ಮಗಳಿಗೆ ಶಾಲೆಯಲ್ಲಿ ಒಂದು ಕೆಲಸ ಕೊಟ್ಟರು: ಹಿರಿಯರೊಬ್ಬರ ದುಡಿಮೆಯ ಬದುಕನ್ನು ಕೇಳಿ ಬರೆದು ತರಬೇಕು. ಅವಳು ಪಕ್ಕದವರನ್ನೇ ಹಿಡಿದಳು. ನಾನೂ ಕಾವಲಿಗೆಂದು ಜೊತೆಗೆ ಹೋಗಿ ಅವರ ಅಡುಗೆಮನೆಯಲ್ಲಿ ಕುಳಿತೆ. ಅವರು ವರ್ಷ ವರ್ಷ ಹೇಳಿದರು, ಅವಳು ಬರೆದುಕೊಂಡಳು. ಲೆಫ್ಟಿನೆಂಟ್ ಆಗಿ ಹಿಮದ ಬೆಟ್ಟಗಳಲ್ಲಿ ಸಣ್ಣ ತೋಪುಗಳ ಜೊತೆ. ಆಮೇಲೆ ಆಫ್ರಿಕಾದ ಮರಳುಗಾಡು. ಕ್ಯಾಪ್ಟನ್. ಅದಾದ ಮೇಲೆ ರೆಜಿಮೆಂಟಿನ ಮುಖ್ಯಸ್ಥ, ಪ್ಯಾರಿಸ್ಸಿನ ಕಚೇರಿ, ಕೊನೆಗೆ ಹೆಗಲ ಮೇಲೆ ಅವರ ಸೈನ್ಯದ ಜನರಲ್‌ನ ಎರಡು ನಕ್ಷತ್ರ. ನಾನು ಹಾಳೆ ನೋಡಿದೆ. ಕ್ಯಾಪ್ಟನ್ ಆದ ಮೇಲೆ ಎರಡು ವರ್ಷ ಖಾಲಿ.

"ಈ ಎರಡು ವರ್ಷ ಎಲ್ಲಿದ್ದಿರಿ?" ಎಂದು ಕೇಳಿದೆ.

ಅವರು ಎದ್ದು ಕೆಟಲ್‌ಗೆ ನೀರು ತುಂಬಿದರು. ಕೆಟಲ್ ಆಗಲೇ ಕುದಿದಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಎಂದುಕೊಂಡೆ. ಜೈಲೋ, ಇಡೀ ಕಥೆಯೇ ಕಟ್ಟಿದ್ದೋ.

"ಹೀ ಈಸ್ ಗ್ರ್ಯಾಂಡ್ ಅಮ್ಮಾ, ಲೀವ್ ಇಟ್," ಎಂದಳು ಮಗಳು ದಾರಿಯಲ್ಲಿ, ಇಲ್ಲಿಯವರ ಧಾಟಿಯಲ್ಲಿ: ಒಳ್ಳೆಯವರೇ, ಬಿಟ್ಟುಬಿಡು ಎಂದು. ನಾನು ಬಿಡಲಿಲ್ಲ.

"ಅಪ್ಪಾ, ನೀವಿನ್ನು ಅವರ ಜೊತೆ ಹೋಗ್ಬೇಡಿ. ಎರಡು ವರ್ಷ ಎಲ್ಲಿದ್ರಿ ಅಂದ್ರೆ ಹೇಳಲ್ಲ, ಏನೋ ಮುಚ್ಚಿಡ್ತಿದಾರೆ," ಎಂದೆ.

ಅಪ್ಪ, "ನಿನ್ನ ಮನೆ ಕಣಮ್ಮ, ನಿನ್ನಿಷ್ಟ," ಎಂದರು. ಮರುದಿನದಿಂದ ಅವರ ಬೂಟು ಬಾಗಿಲ ಬಳಿಯೇ ಉಳಿಯಿತು. ಮತ್ತೆ ಹೂಂ, ಉಹೂಂ. ಒಂದೇ ಚಪಾತಿ. ವಾಪಸು ಹೋಗುವುದಕ್ಕೆ ಇನ್ನು ಹದಿನೈದು ದಿನ ಉಳಿದಿತ್ತು. ಹೀಗೇ ಕಳುಹಿಸಬೇಕಾಗುತ್ತದೆಯೇ ಎಂದು ಹೆದರಿಕೆಯಾಯಿತು, ಆದರೂ ನನ್ನ ಹಠ ಬಿಡಲಿಲ್ಲ.

ಆಯುಧಪೂಜೆ ಬಂತು. ಡ್ರೈವ್‌ವೇಯಲ್ಲಿ ಕಾರು ತೊಳೆದು, ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು, ಒಂದು ಮಣೆಯ ಮೇಲೆ ಈಳಿಗೆಮಣೆ, ಸ್ಕ್ರೂಡ್ರೈವರ್, ನನ್ನ ಲ್ಯಾಪ್‌ಟಾಪ್ ಜೋಡಿಸಿದೆವು. ಅಪ್ಪ ಕುಂಕುಮ ಹಚ್ಚುತ್ತಿದ್ದರು. ಪಕ್ಕದವರು ಗೇಟಿನಲ್ಲಿ ನಿಂತು ನೋಡುತ್ತಿದ್ದರು. ಮಗಳು ಅವರಿಗೆ ಇಂಗ್ಲಿಷಿನಲ್ಲಿ ವಿವರಿಸಿದಳು: ನಾವು ದುಡಿಯುವ ಸಲಕರಣೆಗೆ ಇವತ್ತು ರಜೆ, ಇವತ್ತು ಅದಕ್ಕೆ ನಮಸ್ಕಾರ ಮಾಡುತ್ತೇವೆ. ಅವರು ಒಳಗೆ ಹೋಗಿ ಬಟ್ಟೆಯಲ್ಲಿ ಸುತ್ತಿದ ಏನನ್ನೋ ತಂದು ಅಪ್ಪನ ಕೈಗೆ ಕೊಟ್ಟರು. ಗುಂಡು ಎಷ್ಟು ದೂರ ಬೀಳಬೇಕೆಂದು ಲೆಕ್ಕ ಹಾಕುವ ಹಳೆಯ ಅಳತೆಪಟ್ಟಿ. ಕೊಟ್ಟವರು ನಿಲ್ಲಲಿಲ್ಲ.

ಅಪ್ಪ ಅದನ್ನು ಈಳಿಗೆಮಣೆಯ ಪಕ್ಕ ಇಟ್ಟರು. ಅದಕ್ಕೂ ಕುಂಕುಮ ಹಚ್ಚಿದರು. ಅದನ್ನೇಕೆ ತಂದುಕೊಟ್ಟರು ಎಂದು ನಾನು ಕೇಳಿದ್ದು ಅಪ್ಪನ ಎಡಗಡೆಯಿಂದ. ಕೇಳಿಸಲಿಲ್ಲ. ಬಲಕ್ಕೆ ಬಂದು ಕೇಳಿದೆ.

"ನೀನು ಕೇಳಿದ್ಯಲ್ಲ, ಆ ಎರಡು ವರ್ಷ. ಅದು ಇದ್ರಿಂದ," ಎಂದರು. "ಅಭ್ಯಾಸದ ಮೈದಾನದಲ್ಲಿ ಅವರ ಲೆಕ್ಕ ತಪ್ತು. ಗುಂಡು ಗುರಿಗಿಂತ ಮುಂಚೆನೇ ಬಿತ್ತು. ಅವರ ಕಡೆಯೋರೇ ಇಬ್ರು ಹೋದ್ರು. ವಿಚಾರಣೆ ಮುಗಿಯೋ ತನಕ ತೋಪಿನ ಹತ್ರ ಬಿಟ್ಕೊಳ್ಲಿಲ್ಲ. ಆಮೇಲೆ ತಪ್ಪು ಅವರೊಬ್ಬರದೇ ಅಲ್ಲ ಅಂತ ವಾಪಸ್ ತಗೊಂಡ್ರು. ಜನರಲ್ ಆದ್ರೂ ಅದು ಹೋಗಿಲ್ಲ."

"ಇಂಥದ್ದನ್ನೆಲ್ಲ ಅವರು ನಿಮ್ಗೆ ಯಾಕೆ ಹೇಳಿದ್ರು?"

ಅಪ್ಪ ಕುಂಕುಮದ ಬೆರಳನ್ನು ಪಂಚೆಗೆ ಒರೆಸಿಕೊಂಡರು.

"ನಾನು ಮೊದ್ಲು ಹೇಳ್ದೆ," ಎಂದರು. "ತೋಪಿನ ಹತ್ರ ನನ್ನ ಕೈತಪ್ಪಿಂದ್ಲೂ ಒಬ್ಬ ಹೋಗಿದಾನೆ. ನಿಮ್ಮಮ್ಮಂಗೂ ಹೇಳಿರ್ಲಿಲ್ಲ."

ನಾನು ಐದನೇ ಕ್ಲಾಸಿನಲ್ಲಿದ್ದಾಗ ಅಪ್ಪ ರಜೆಯಲ್ಲದ ಕಾಲದಲ್ಲಿ ಮನೆಗೆ ಬಂದು ಒಂದು ತಿಂಗಳು ಗೋಡೆಗೆ ಒರಗಿ ಕೂತಿದ್ದರು. ಜ್ವರ ಎಂದಿದ್ದಳು ಅಮ್ಮ. ನಾನೂ ನಂಬಿದ್ದೆ. ಎಡಗಿವಿ ವಯಸ್ಸಿಗೆ ಮಂದವಾಯಿತೆಂದರು, ಅದನ್ನೂ ನಂಬಿದ್ದೆ. ಪಕ್ಕದ ಮನೆಯವರ ಎರಡು ವರ್ಷಕ್ಕೆ ಲೆಕ್ಕ ಕೇಳಿದವಳು ಸ್ವಂತ ಅಪ್ಪನನ್ನು ಒಂದು ದಿನವೂ ಏನೂ ಕೇಳಿರಲಿಲ್ಲ. ನನ್ನ ಮೇಲೇ ನನಗೆ ಹೇಸಿಗೆಯಾಯಿತು.

ಬಾಗಿಲ ಬಳಿ ಹೋಗಿ ಬೂಟು ತಂದು ಅವರ ಕಾಲ ಬಳಿ ಇಟ್ಟೆ. ಬಗ್ಗಿ ಲೇಸು ಕಟ್ಟಿದೆ. ಅಪ್ಪ ಬೇಡವೆನ್ನಲಿಲ್ಲ.

"ಹೋಗ್ಬನ್ನಿ ಅಪ್ಪಾ," ಎಂದೆ, ಅವರ ಬಲಗಿವಿಗೆ. "ಸಾಹೇಬರು ಕಾಯ್ತಿರ್ತಾರೆ."