ಒಂದು ಥಾಳಿ, ಮೂರು ಮಂದಿ

ನಮ್ಮ ದಾಜಿ ಅಪ್ಪಾಸಾಬರು ಶಿರಗುಪ್ಪಿ ಸಂತಿಗೆ ಬಂದ್ರ ಕಾಯಿಪಲ್ಲೆ ಮಾರಾವ್ರು ತಕ್ಕಡಿ ಮುಚ್ಚಿಡ್ತಾರ. ದಾಜಿಗೆ ಸಕ್ಕರಿ ಕಾರಖಾನಿಯ ಕಾಟಾದಾಗ ಕಬ್ಬಿನ ಗಾಡಿ ತೂಗಿಸೂ ನೌಕರಿ. ದಿನಾ ಟನ್‌ಗಟ್ಟಲೆ ತೂಗೂ ಮನಷ್ಯಾ, ಮೆಂತೆ ಪಲ್ಲೆ ತೂಗೂಕಿಂತ ಮೊದಲ ಅದರ ನೀರ ಜಾಡಸ್ತಾರ. ನೀರಿಗೆ ರೊಕ್ಕ ಯಾಕ ಕೊಡಬೇಕು ಅಂತ ಅವರ ಸವಾಲ.

ಅವರ ಹೇಣ್ತಿ ಅಕ್ಕುತಾಯಿ ನನ್ನ ಅಕ್ಕ. ನಾ ಸದಲಗಾದ ಭರಮು, ಆಕಿಯ ತಮ್ಮ. ಹೆಣಮಕ್ಕಳಿಗೆ ಬಸ್ಸು ಪುಕ್ಕಟ ಆದಾಗಿಂದ ದಾಜಿ ಕಿರಾಣಿ ಸಾಮಾನು ತಾಲೂಕಿನ ಪ್ರಕಾರ ಹಂಚಿ ಇಟ್ಟಾರ. ಬೆಲ್ಲಕ್ಕ ರಾಯಬಾಗ, ಶೇಂಗಾ ಎಣ್ಣಿಗೆ ಅಥಣಿ, ಮೆಣಸಿನಕಾಯಿಗೆ ಚಿಕ್ಕೋಡಿ. ಅಕ್ಕ ಆಧಾರ ಕಾರ್ಡ ತೋರಿಸಿ ನಿಂತಕೊಂಡ ಹೋಗ್ತಾಳ, ಚೀಲ ಹೊತಗೊಂಡ ಬರ್ತಾಳ. ಒಂದು ಸುತ್ತಿಗೆ ಇಪ್ಪತ್ತ ರೂಪಾಯಿ ಉಳೀತೈತಿ. ಆಕಿಯ ಕಾಲನೋವಿಗೆ ಮುಲಾಮು ಮಾತ್ರ ಶಿರಗುಪ್ಪಿಯಾಗನ ತಗೋತಾರ.

ಇಂಥಾವ್ರು ಹೋಟೆಲ್ಲಿಗೆ ಹೋಗ್ತಾರೇನು ಅಂತ ಕೇಳಬ್ಯಾಡ್ರಿ, ಹೋಗ್ತಾರ. ವರ್ಷಕ್ಕೊಮ್ಮೆ, ದೀಪಾವಳಿಯ ಭಾವಬೀಜಕ್ಕ ನಾ ಅಕ್ಕನ ಮನಿಗೆ ಹೋದ ಮರುದಿನ, ಕಾಗವಾಡದ ಜಕ್ಕಪ್ಪನ ಖಾನಾವಳಿಗೆ. ಅಲ್ಲಿ ಒಂದು ಮಟನ್ ಥಾಳಿ ತಗೊಂಡ್ರ ಕೆಂಪ ರಸ್ಸಾ, ಬಿಳಿ ರಸ್ಸಾ ಅಂತ ಎರಡ ಸಾರ ಬೇಕಾದಷ್ಟು ಹಾಕ್ತಾರ. ರೊಟ್ಟಿ ಎರಡಕ್ಕಿಂತ ಹೆಚ್ಚಾದ್ರ ಬ್ಯಾರೆ ರೊಕ್ಕ. ಇದನ್ನ ದಾಜಿ ಮದವ್ಯಾದ ವರ್ಷನ ಕಂಡ ಹಿಡದ್ರು. ಹಿಂಗಾಗಿ ಥಾಳಿ ಒಂದು, ಮಂದಿ ಮೂರು, ರೊಟ್ಟಿ ಮನೀದು. ಅಕ್ಕ ನಸುಕಿನ್ಯಾಗ ಎದ್ದು ಹದಿನೈದು ರೊಟ್ಟಿ ಬಡದು ಅರಬಿಯೊಳಗ ಕಟಗೊಂಡ ಬರ್ತಾಳ. ಮೊದಲನೇ ವರ್ಷ ಜಕ್ಕಪ್ಪ ಮಾರಿ ಗಂಟ ಹಾಕಿದ್ದ. ಅಕ್ಕನ ರೊಟ್ಟಿಯ ಒಂದ ತುಂಡ ಬಾಯಾಗ ಹೋದ ಮ್ಯಾಲ ಸುಮ್ಮನಾದ.

ಅಕ್ಕನ ರೊಟ್ಟಿ ಅಂದ್ರ ಹಂಗ ಐತಿ. ಅದ ಆಕಿಗೆ ಮುಳುವಾತು. ಮದವಿಗೆ ಹೋದ್ರೂ, ಜಾವಳಕ್ಕ ಹೋದ್ರೂ ಮಂದಿ ಆಕಿನ್ನ ಒಲಿ ಮುಂದನ ಕುಂದರಸ್ತಾರ. ಹೋದ ವರ್ಷ ಖಾನಾವಳಿಯಿಂದ ಹೊರಗ ಬಂದ ಮ್ಯಾಲ ನನಗೊಬ್ಬವಗ ಕೇಳೂವಂಗ ಅಂದ್ಲು: "ಭರಮು, ಇಪ್ಪತ್ತೆರಡು ವರ್ಷ ಆತು, ನಾ ಬಡೀಲಾರದ ರೊಟ್ಟಿ ನಾ ಉಂಡಿಲ್ಲೋ. ಒಮ್ಮೆ ಉಣಬೇಕು." ದಾಜಿ ಮುಂದ ಬಡಿಸೋಪಿನ ಪುಡಕಿ ಕಟ್ಟಾಕತ್ತಿದ್ರು. ಅದೂ ಪುಕ್ಕಟ.

ಈ ವರ್ಷ ಹೊಂಡೂ ಮುಂದ ಅಕ್ಕನ ಕೈಯಾಗ ಗಂಟ ಇರಲಿಲ್ಲ. ರೊಟ್ಟಿ ಎಲ್ಲಿ ಅಂತ ದಾಜಿ ಕೇಳಿದ್ರು. ಬಡದಿಲ್ಲ, ಅಲ್ಲೇ ಉಣ್ಣೂದು ಅಂದ್ಲು. ಕಾಗವಾಡ ಬರೂತನಕ ದಾಜಿ ಬಾಯಿ ಅಲ್ಲಾಡತಿತ್ತು, ಹೆಚ್ಚಿನ ರೊಟ್ಟಿಯ ರೊಕ್ಕ ಗುಣಿಸಾಕತ್ತಿದ್ರು.

ಅಕ್ಕ ಕೈ ತೊಳಕೊಂಡು, ಸೆರಗ ಸರಿ ಮಾಡಿಕೊಂಡು ಕುರ್ಚಿ ಮ್ಯಾಲ ಕುಂತ್ಲು. ಅಷ್ಟರಾಗ ಜಕ್ಕಪ್ಪ ಓಡಿಬಂದ. ರೊಟ್ಟಿ ಬಡಿಯೂ ಸುಂದರಾಬಾಯಿ ಮಗಳ ಬಾಣಂತನಕ್ಕ ಜುಗೂಳಕ್ಕ ಹೋಗ್ಯಾಳಂತ, ಗಿರಾಕಿ ಕುಂತಾವಂತ. ಅಕ್ಕನ ಕಡೆ ಕೈ ಮಾಡಿ, ವೈನಿ ಒಂದು ಮೂವತ್ತು ರೊಟ್ಟಿ ಬಡದಕೊಟ್ರ ಮೂರೂ ಥಾಳಿ ಪುಕ್ಕಟ ಅಂದ. ಅವನ ಮಾತ ಮುಗಿಯೂಕಿಂತ ಮೊದಲ ದಾಜಿ ಆತು ಅಂದಬಿಟ್ರು. ಅವರ ಮಾರಿ ಮ್ಯಾಲ ಅಂಥಾ ಕಳಿ ನಾ ಅವರ ಮದವ್ಯಾಗೂ ನೋಡಿರಲಿಲ್ಲ. ನನಗ ಎದ್ದು ಅವರ ಕೊಳ್ಳಪಟ್ಟಿ ಹಿಡೀಬೇಕು ಅನಸ್ತು. ಅಕ್ಕನ ಗಂಡ ಅಲ್ಲೇನು, ಕುಂತಲ್ಲೇ ಕುಂತೆ.

ಅಕ್ಕ ಏಳಲಿಲ್ಲ. ದನಿ ಏರಸಲಿಲ್ಲ.

"ನಾ ಏಳಾಂಗಿಲ್ಲರಿ. ಮಾತ ಕೊಟ್ಟಾವ್ರು ನೀವು, ನೀವ ಬಡೀರಿ."

ದಾಜಿ ಆಕಿನ್ನ ನೋಡಿದ್ರು. ಆಮ್ಯಾಲ ಗ್ವಾಡಿ ಮ್ಯಾಲಿನ ದರಪಟ್ಟಿ ನೋಡಿದ್ರು. ಮಟನ್ ಥಾಳಿ ದರ ಹೋದ ವರ್ಷಕ್ಕಿಂತ ಏರಿತ್ತು. ಅಂಗಿ ತೋಳ ಏರಿಸಿಕೊಂಡು ಒಲಿ ಮುಂದ ಹೋಗಿ ಕುಂತ್ರು.

ರೊಟ್ಟಿಯೊಳಗ ಅವರ ಅನುಭವ ಏನಂದ್ರ, ಅಕ್ಕ ಬಡಿಯೂ ಮುಂದ ಹಿಟ್ಟ ಚೆಲ್ಲತೈತೇನು ಅಂತ ಇಪ್ಪತ್ತಮೂರು ವರ್ಷ ನೋಡಿದ್ದು. ಮೊದಲನೇದು ಕೈಯಾಗ ಮೂರ ತುಂಡಾತು. ಎರಡನೇದು ಒಂದ ಬದಿ ಹಸಿ, ಒಂದ ಬದಿ ಕರ್ರಗ. ನಾಲ್ಕನೇದಕ್ಕ ಜಕ್ಕಪ್ಪ ಕೈ ಮುಗದ, ಸಾಕರಿ ಅಂದ, ಗಿರಾಕಿಗೆ ಅನ್ನ ಹಾಕ್ತೀನಿ ಅಂದ. ದಾಜಿ ಬಿಡಲಿಲ್ಲ. ಕೆಲಸ ಆಗೇತಿ, ಒಂದ ಥಾಳಿಯರ ಬರಬೇಕು ಅಂತ ಹಟ ಹಿಡದ್ರು. ಒಲಿ ಬಿಟ್ಟ ಏಳ್ತಾರಲ್ಲ ಅಂತ ಜಕ್ಕಪ್ಪ ಒಪ್ಪಿದ. ಹಿಂಗಾಗಿ ಈ ವರ್ಷನೂ ಥಾಳಿ ಒಂದ, ಮಂದಿ ಮೂರ.

ದಾಜಿ ಇದ್ದುದರಾಗ ದುಂಡಗಿದ್ದ ರೊಟ್ಟಿ ಆರಿಸಿ ಅಕ್ಕನ ತಾಟಿಗೆ ಹಾಕಿದ್ರು. ಕೈ ಎರಡ ಕಡೆ ಸುಟ್ಟಿತ್ತು. ಮಣಕೈತನಕ ಹಿಟ್ಟು. ಅಕ್ಕ ಒಂದ ತುಂಡ ಮುರದು ಕೆಂಪ ರಸ್ಸಾದಾಗ ಅದ್ದಿ ಬಾಯಾಗ ಇಟ್ಟಕೊಂಡು ಭಾಳ ಹೊತ್ತ ಅಗದ್ಲು. ನಾ ತಲಿ ಕೆಳಗ ಹಾಕಿದೆ.

"ಹೆಂಗೈತಿ?" ಅಂದ್ರು ದಾಜಿ.

"ಬಿಸಿ ಐತ್ರಿ," ಅಂದ್ಲು ಅಕ್ಕ.

ಮನ್ಯಾಗ ಎಲ್ಲಾರೂ ಉಂಡ ಮ್ಯಾಲ ಆಕಿ ಉಣ್ಣೂದು. ಅದು ದಾಜಿಗೂ ಗೊತ್ತು. ಅವರು ಮತ್ತ ಎದ್ರು, ಜಕ್ಕಪ್ಪ ಬ್ಯಾಡ ಬ್ಯಾಡ ಅನ್ನಾಕತ್ತಿದ್ರೂ ಒಲಿ ಮುಂದ ಹೋಗಿ ಆಕಿಗೆ ಇನ್ನೊಂದ ಬಡ್ಯಾಕ ಕುಂತ್ರು. ಹಿಟ್ಟು ಹೆಂಗೂ ಜಕ್ಕಪ್ಪನದು.